ಬಿಷಪ್ಪರು ಸುಮ್ಮನೆ ನಿಂತಿದ್ದು

ನಮ್ಮೂರಲ್ಲಿ ಹಿಟ್ಟು ಉಬ್ಬಬೇಕು ಅಂದ್ರೆ ಬಿಷಪ್ಪರು ಹತ್ತಿರ ಇರಬೇಕು. ಹುದುಗು ಎಷ್ಟೇ ಒಳ್ಳೇದು ಹಾಕಿ, ಒಲೆ ಪಕ್ಕ ಎಷ್ಟೇ ಬೆಚ್ಚಗಿಡಿ, ಬಿಷಪ್ಪರು ಊರಲ್ಲಿಲ್ಲ ಅಂದ್ರೆ ಹಿಟ್ಟು ಇಟ್ಟ ಹಾಗೇ ಬಿದ್ದಿರುತ್ತೆ. ಊರಿನ ಹೆಸರು ಕೇಳಬೇಡಿ. ಹಂಗೇರಿಯಲ್ಲಿದೆ, ಅಷ್ಟು ಸಾಕು. ನಕ್ಷೆ ಬರೆಯೋರು ನದಿಯ ಈ ತಿರುವಿಗೆ ಬರೋ ಹೊತ್ತಿಗೆ ಅವರ ಮಸಿ ಮುಗಿದಿತ್ತು ಅಂತಾರೆ. ನಾನು ಒರ್ಶೋಯಾ, ಬಿಷಪ್ಪರ ಅರಮನೆಯ ಅಡಿಗೆಯವಳು. ನನಗಿಂತ ಮುಂಚೆ ನಮ್ಮಮ್ಮ, ಅವಳಿಗಿಂತ ಮುಂಚೆ ನಮ್ಮಜ್ಜಿ ಇದೇ ಒಲೆ ಮುಂದೆ ನಿಂತವರು. ಅಡಿಗೆಮನೆ ಇರೋದು ಬಿಷಪ್ಪರು ಓದೋ ಕೋಣೆಯ ಕೆಳಗೇ. ಹಾಗಾಗಿ ನಾನು ನಾದಿದ ಹಿಟ್ಟಿಗೆ ಮುಚ್ಚಳ ಹಾಕಿ ಮೇಲೊಂದು ಕಲ್ಲು ಹೇರಬೇಕು. ಇಲ್ಲದಿದ್ರೆ ಬೋಗುಣಿ ಬಿಟ್ಟು ನೆಲಕ್ಕಿಳಿಯುತ್ತೆ.

ಹತ್ತಿರ ಇದ್ದಷ್ಟೂ ಚೆನ್ನಾಗಿ ಉಬ್ಬುತ್ತೆ, ದೂರ ಹೋದಷ್ಟೂ ಸಪ್ಪೆ. ಅರಮನೆ ಬೀದಿಯೋರ ಬ್ರೆಡ್ಡು ದಿಂಬಿನ ಹಾಗಿದ್ರೆ ನದಿ ದಂಡೆಯ ಕೆಳಬೀದಿಯೋರದ್ದು ಚಪ್ಪಲಿ ಅಟ್ಟೆ. ಕೆಳಬೀದಿಯಲ್ಲಿರೋರು ಪ್ರೊಟೆಸ್ಟೆಂಟರು, ಕ್ಯಾಲ್ವಿನ್ ಪಂಥದವರು. ಅವರಿಗೆ ಬಿಷಪ್ಪರೂ ಬೇಡ, ಪೋಪರೂ ಬೇಡ. ‘ನಮಗೆ ತೆಳು ರೊಟ್ಟಿಯೇ ಇಷ್ಟ, ಅದೇ ಸತ್ಯವಂತರ ಊಟ’ ಅಂತ ಹಗಲೆಲ್ಲ ಹೇಳ್ತಾರೆ. ಬೆಳಿಗ್ಗೆ ನೋಡಿದ್ರೆ ಅವರ ಮನೆ ಬೋಗುಣಿಗಳು ನನ್ನ ಹಿತ್ತಿಲ ಬಾಗಿಲಲ್ಲಿ ಸಾಲಾಗಿ ಕೂತಿರುತ್ತವೆ. ನಾನೇನೂ ಹೇಳಲ್ಲ, ಒಳಗಿಟ್ಟು ಉಬ್ಬಿಸಿ ಕಳಿಸ್ತೀನಿ. ಹಸಿವಿಗೆ ಪಂಥ ಎಲ್ಲಿಯದು? ಸಂಜೆ ಬಿಷಪ್ಪರು ವಾಕಿಂಗ್ ಹೊರಟರೆ ಅವರು ಹೋಗೋ ದಾರಿಯ ಕಿಟಕಿಗಳಲ್ಲೆಲ್ಲ ಬಿಳಿ ಬಟ್ಟೆ ಮುಚ್ಚಿದ ಬೋಗುಣಿ ಇಟ್ಟು ಹೆಂಗಸರು ಕೈಮುಗಿದು ನಿಂತಿರ್ತಾರೆ. ಬಿಷಪ್ಪರು ಅದನ್ನ ಭಕ್ತಿ ಅಂದ್ಕೊಂಡು ನಿಧಾನಕ್ಕೆ ನಡೀತಾರೆ. ನಮಗೆ ಬೇಕಾಗಿರೋದೂ ಅದೇ.

ಹೌದು, ಅವರಿಗೆ ಗೊತ್ತಿಲ್ಲ. ಇಲ್ಲಿಯವರೆಗೆ ಹನ್ನೊಂದು ಜನ ಬಿಷಪ್ಪರು ಬಂದುಹೋದರು, ಒಬ್ಬರಿಗೂ ನಾವು ಹೇಳಿಲ್ಲ. ‘ಹೇಳಿದ್ರೆ ಮಾರನೇ ದಿನವೇ ಅದಕ್ಕೊಂದು ನಿಯಮ ಮಾಡ್ತಾರೆ ಕಣೇ’ ಅಂತಿದ್ದಳು ನಮ್ಮಜ್ಜಿ. ಯಾರ ಹಿಟ್ಟು ಉಬ್ಬಬೇಕು, ಯಾರದ್ದು ಉಬ್ಬಬಾರದು ಅಂತ ಪಟ್ಟಿ ಬರುತ್ತೆ, ಆಮೇಲೆ ಪಟ್ಟಿ ನೋಡ್ಕೊಳ್ಳೋಕೆ ಒಬ್ಬ ಅಧಿಕಾರಿ ಬರ್ತಾನೆ. ಯಾಕೆ ಬೇಕು ಊರ ಉಸಾಬರಿ!

ಈಗ ಇರೋರು ಬಿಷಪ್ ಇಗ್ನಾತ್ಸ್, ಹನ್ನೆರಡನೆಯವರು. ಯಾವುದೋ ಕೌಂಟ್ ಮನೆತನದ ಮೂರನೇ ಮಗ. ನಮ್ಮ ದೇಶದಲ್ಲಿ ಬಿಷಪ್ಪರನ್ನ ಆರಿಸೋನು ರಾಜ, ಆ ರಾಜ ಕೂತಿರೋದು ವಿಯೆನ್ನಾದಲ್ಲಿ. ಆದ್ದರಿಂದ ಇವರ ಒಂದು ಕಣ್ಣು ಬಲಿಪೀಠದ ಮೇಲಿದ್ರೆ ಇನ್ನೊಂದು ವಿಯೆನ್ನಾ ಕಡೆ. ಕೆಟ್ಟೋರಲ್ಲ, ಸುಳ್ಳು ಯಾಕೆ ಹೇಳಲಿ. ನನಗೆ ಜ್ವರ ಬಂದಾಗ ಸ್ವಂತ ಡಾಕ್ಟರನ್ನ ಕಳಿಸಿದ್ದರು. ಆದರೆ ರಾಜ ಮಹಾಸಭೆ ಕರೆದ ಅಂದ್ರೆ ಮುಗೀತು, ನೇರಳೆ ನಿಲುವಂಗಿ ಪೆಟ್ಟಿಗೆಗೆ ತುಂಬಿ, ಸಭೆ ನಡೆಯೋ ಪೊಜೋನಿ ಪಟ್ಟಣಕ್ಕೆ ಹೊರಟುಬಿಡ್ತಾರೆ. ಅಲ್ಲಿ ಮೇಲ್ಮನೆಯಲ್ಲಿ ಬಿಷಪ್ಪರಿಗೆಲ್ಲ ಮುಂದಿನ ಸಾಲಿನ ಕುರ್ಚಿ. ಅಲ್ಲಿ ಕೂತು ಲ್ಯಾಟಿನ್‌ನಲ್ಲಿ ಭಾಷಣ ಮಾಡ್ತಾರೆ, ಕೆಳಮನೆಯೋರು ಕಳಿಸಿದ ಮಸೂದೆಗಳನ್ನ ಬೇಡ ಅಂತ ವಾಪಸ್ ಕಳಿಸ್ತಾರೆ. ಹೋದಸಲ ಹದಿನೈದು ತಿಂಗಳು ನಡೀತು. ಹದಿನೈದು ತಿಂಗಳು ನಾವು ಅಟ್ಟೆ ತಿಂದ್ವಿ! ನಮ್ಮೂರಿನ ಮುದುಕಿಯರಿಗೂ ಮಹಾಸಭೆಯ ಕಲಾಪ ಬಾಯಿಪಾಠ ಅಂದ್ರೆ ಆಶ್ಚರ್ಯ ಇಲ್ಲ ಬಿಡಿ.

ಆ ಹದಿನೈದು ತಿಂಗಳ ಕೊನೆಯಲ್ಲೇ ದೇಶದ ಬಿಷಪ್ಪರೆಲ್ಲ ಸೇರಿ ಒಂದು ಸುತ್ತೋಲೆ ಹೊರಡಿಸಿದ್ದು. ಕ್ಯಾಥಲಿಕ್ ಹುಡುಗಿ ಕ್ಯಾಲ್ವಿನ್ ಪಂಥದ ಹುಡುಗನನ್ನ ಮದುವೆ ಆದ್ರೆ, ಹುಟ್ಟೋ ಮಕ್ಕಳೆಲ್ಲ ಕ್ಯಾಥಲಿಕ್ ಆಗ್ತಾರೆ ಅಂತ ಮೊದಲೇ ಬರೆದುಕೊಡಬೇಕು. ಕೊಡಲಿಲ್ಲವೋ, ಆಶೀರ್ವಾದ ಇಲ್ಲ. ದೀಪ ಇಲ್ಲ, ಆರ್ಗನ್ ಇಲ್ಲ, ಬಲಿಪೀಠದ ಹತ್ತಿರ ಸುಳಿಯೋ ಹಾಗಿಲ್ಲ. ಚರ್ಚಿನ ಬಾಗಿಲ ಪಕ್ಕದಲ್ಲೇ ಮದುವೆ. ಪಾದ್ರಿ ಮಾಮೂಲಿ ಕೋಟು ಹಾಕ್ಕೊಂಡು ಬಂದು, ಕಿವಿ ತೆರೆದು ಬಾಯಿ ಮುಚ್ಚಿ ನಿಲ್ಲಬೇಕು. ಗಂಡು ಹೆಣ್ಣು ‘ಹೂಂ’ ಅಂದದ್ದನ್ನ ಕೇಳಿಸ್ಕೊಂಡು ಪುಸ್ತಕದಲ್ಲಿ ಬರೆದು ಮನೆಗೆ ಹೋಗಬೇಕು. ಕೌಂಟಿ ಸಭೆ, ಅಂದ್ರೆ ನಮ್ಮ ಜಿಲ್ಲಾ ಸಭೆಯ ಜಮೀನ್ದಾರರಿಗೆ ಇದನ್ನ ಕೇಳಿ ಮೈಯೆಲ್ಲ ಉರಿ. ಆಶೀರ್ವಾದ ಕೊಡದ ಪಾದ್ರಿಗೆ ದಂಡ ಹಾಕ್ತೀವಿ ಅಂತ ಅವರು, ಕೊಟ್ಟ ಪಾದ್ರಿಯನ್ನ ಕೆಲಸದಿಂದ ತೆಗೀತೀವಿ ಅಂತ ಬಿಷಪ್ಪರು. ಕೋಣಗಳ ಜಗಳದಲ್ಲಿ ಗಿಡಕ್ಕೆ ಬಂತು ಗ್ರಹಚಾರ.

ಆ ಗಿಡ ನನ್ನ ಮಗಳು ಪಿರೋಷ್ಕಾ. ಕೆಳಬೀದಿಯಲ್ಲಿ ಕೊಂಬಿನ ಬಾಚಣಿಗೆ ಮಾಡೋ ಗೆರ್ಗೋ ಅಂತ ಒಬ್ಬ ಇದ್ದಾನೆ. ಅವನ ತಾಯಿ ಜುಜಾನಾ, ವಿಧವೆ, ಮೂಗಿನ ತುದಿಯಲ್ಲೇ ಸಿಟ್ಟು. ಅವಳ ಬೋಗುಣಿ ಹೊತ್ತು ತರೋ ನೆಪದಲ್ಲಿ ಈ ಗೆರ್ಗೋ ದಿನಾ ನನ್ನ ಹಿತ್ತಿಲಿಗೆ ಬರ್ತಿದ್ದ. ಎರಡು ವರ್ಷ ನಾನು ಹಿಟ್ಟನ್ನೇ ನೋಡ್ತಾ ಕೂತೆ, ನನ್ನ ಬುದ್ಧಿಗಿಷ್ಟು! ಗೊತ್ತಾಗೋ ಹೊತ್ತಿಗೆ ಇಬ್ಬರೂ ದಿನ ಗೊತ್ತು ಮಾಡ್ಕೊಂಡಿದ್ದರು, ಬೂದಿ ಬುಧವಾರದ ಹಿಂದಿನ ಮಂಗಳವಾರ. ಬುಧವಾರದಿಂದ ಉಪವಾಸದ ತಪಸ್ಸುಕಾಲ, ಆಮೇಲೆ ಈಸ್ಟರ್ ಕಳೆಯೋವರೆಗೂ ಮದುವೆ ಇಲ್ಲ. ‘ಆ ಕಾಗದಕ್ಕೆ ಸಹಿ ಹಾಕಿಬಿಡಿ, ಆಶೀರ್ವಾದ ಸಿಗುತ್ತೆ’ ಅಂತ ನಾನು ಬೇಡಿಕೊಂಡೆ. ಗೆರ್ಗೋ ತಯಾರಿದ್ದ, ಪಾಪ. ನನ್ನ ಮಗಳೇ ಬಿಡಲಿಲ್ಲ. ‘ಹುಟ್ಟದೇ ಇರೋ ಮಕ್ಕಳನ್ನ ಬರೆದುಕೊಡೋಕೆ ಅವೇನು ಹೊಲವಾ ಗದ್ದೆಯಾ, ಅಮ್ಮ?’ ಅಂದಳು. ಬಾಯಿ ನನ್ನದೇ, ಯಾರನ್ನ ಬೈಯೋದು?

ನನ್ನ ಸಂಕಟ ಹೇಳ್ತೀನಿ ಕೇಳಿ. ಪಿರೋಷ್ಕಾಗಿಂತ ಮುಂಚೆ ನನಗೆ ಮೂರು ಮಕ್ಕಳು ಹುಟ್ಟಿ ಮೂರೂ ಮಣ್ಣು ಸೇರಿದವು. ನಾಲ್ಕನೆಯವಳು ಇವಳು, ಉಳಿದಳು. ಇವಳು ಕೆಮ್ಮಿದರೆ ನನಗೆ ನಿದ್ದೆ ಇಲ್ಲ, ಇವತ್ತಿಗೂ. ದೇವರ ಹತ್ತಿರ ನಾನು ಬೇರೇನೂ ಕೇಳಿದವಳಲ್ಲ. ಅವಳು ಹೊಸಿಲು ದಾಟಿ ಹೋಗೋ ದಿನ ಪೀಠದಲ್ಲಿ ಕೂತ ಯಾರಾದರೂ ಒಬ್ಬರು ಒಳ್ಳೇದಾಗಲಿ ಅಂತ ಕೈ ಎತ್ತಲಿ. ಹಾಗೇ ಬರಿಗೈಲಿ ಕಳಿಸೋಕೆ ನನಗೆ ಭಯ. ನಗ್ತೀರೇನೋ, ನಗಿ.

ಮದುವೆಗೆ ಮುಂಚಿನ ಭಾನುವಾರ ಬಿಷಪ್ಪರ ಊಟದ ಮೇಜಿಗೆ ಹುರಿದ ಹೆಬ್ಬಾತಿನ ಮಾಂಸ ಬಡಿಸಿ, ಅವರು ಎರಡನೇ ತುಂಡು ಬಾಯಿಗಿಡೋವರೆಗೂ ಕಾದು, ಕೇಳಿದೆ. ಅವರು ಚಾಕು ಕೆಳಗಿಟ್ಟರು. ‘ಒರ್ಶೋಯಾ, ಆ ಸುತ್ತೋಲೆಗೆ ನನ್ನ ಸಹಿಯೂ ಇದೆ. ನಾಳೆ ನಾನು ಪೊಜೋನಿಗೆ ಹೊರಡ್ತಿರೋದೇ ಅದನ್ನ ಸಮರ್ಥಿಸೋಕೆ. ಅಲ್ಲಿ ಎದ್ದು ನಿಂತು ಆಶೀರ್ವಾದ ಕೊಡಕೂಡದು ಅಂತ ಹೇಳಿ, ಇಲ್ಲಿ ನನ್ನ ಅಡಿಗೆಯವಳ ಮಗಳಿಗೆ ಕೊಟ್ಟರೆ ಹೇಗಿರುತ್ತೆ?’

‘ಚೆನ್ನಾಗಿರುತ್ತೆ ಸ್ವಾಮಿ’ ಅಂದೆ.

ಅವರಿಗೆ ನಗು ಬಂತು, ಆದರೆ ಆಗಲ್ಲ ಅಂದದ್ದು ಆಗಲ್ಲವೇ. ನಾನು ತಟ್ಟೆ ಎತ್ತಿಕೊಂಡು ಕೆಳಗೆ ಬಂದೆ. ಕಣ್ಣಲ್ಲಿ ನೀರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಗೊಣಗ್ತಾ ಮೂಲೆಯಲ್ಲಿ ಕೂತೆ. ಎದುರಿಗೆ ಬೋಗುಣಿ, ಅದರ ಮೇಲೆ ಕಲ್ಲು. ಕಲ್ಲು ನಿಧಾನಕ್ಕೆ ಮೇಲೇಳ್ತಾ ಇತ್ತು. ಅದನ್ನ ನಲವತ್ತು ವರ್ಷದಿಂದ ನೋಡ್ತಿದ್ದೀನಿ, ಆದರೆ ಅವತ್ತು ಮೊದಲನೇ ಸಲ ತಲೆಗೆ ಹೊಳೆಯಿತು. ಈ ಪುಣ್ಯಾತ್ಮರು ಒಂದು ದಿನವಾದರೂ ನನ್ನ ಹಿಟ್ಟಿಗೆ ಕೈ ಎತ್ತಿದ್ದಾರಾ? ಒಂದು ಮಂತ್ರ ಹೇಳಿದ್ದಾರಾ? ಮೇಲೆ ಕೂತು ಮೂಗಿನ ಮೇಲೆ ಕನ್ನಡಕ ಏರಿಸ್ಕೊಂಡು ಪತ್ರ ಬರೀತಾ ಇರ್ತಾರೆ, ಇಲ್ಲಿ ಕಲ್ಲು ಏಳುತ್ತೆ. ಹಾಗಾದರೆ ಕೈ ಎತ್ತೋದರಲ್ಲಿ ಏನಿದೆ? ಅವರು ಹತ್ತಿರ ಇದ್ದರೆ ಸಾಕಲ್ಲ!

ಕಣ್ಣೊರೆಸಿಕೊಂಡು, ಸಿಹಿ ತಗೊಂಡು ಮತ್ತೆ ಮೇಲೆ ಹತ್ತಿದೆ. ‘ಸ್ವಾಮಿ, ನೀವು ಹೇಳಿದ್ದೇ ಸರಿ. ನಾನು ಮುಟ್ಠಾಳಿ. ಆದರೆ ಒಂದು ಚಿಂತೆ, ಮಂಗಳವಾರ ಮದುವೆಗೆ ನಿಲ್ಲೋರು ಫಾದರ್ ಆಂಬ್ರುಶ್.’

ಬಿಷಪ್ಪರ ಮುಖ ಸಪ್ಪಗಾಯಿತು. ಫಾದರ್ ಆಂಬ್ರುಶ್ ನಮ್ಮ ಚರ್ಚಿನ ಪಾದ್ರಿ, ಬೆಣ್ಣೆಯಂಥ ಮನುಷ್ಯ. ಯಾವ ಮದುವೆಯಾದರೂ ಅಳ್ತಾರೆ, ಅಳು ಬಂದರೆ ಅವರ ಬಲಗೈ ತಾನಾಗೇ ಮೇಲೆ ಹೋಗುತ್ತೆ. ಹೋದ ವರ್ಷ ಇಂಥದೇ ಒಂದು ಮದುವೆಯಲ್ಲಿ ಕೈ ಎತ್ತಿಬಿಟ್ಟು, ವಿಚಾರಣೆಗೆ ಕರೆದಾಗ ನೊಣ ಓಡಿಸ್ತಿದ್ದೆ ಅಂದಿದ್ದರು. ಜನವರಿಯಲ್ಲಿ ನೊಣ!

‘ಅವರಿಗೆ ಕಟ್ಟುನಿಟ್ಟಾಗಿ ಬರೀತೀನಿ’ ಅಂದರು ಬಿಷಪ್ಪರು.

‘ಬರೀರಿ ಸ್ವಾಮಿ. ಅದನ್ನ ಓದಿ ಇನ್ನೂ ಅಳ್ತಾರೆ. ಕೌಂಟಿ ಸಭೆಯೋರು ನೋಡೋಕೆ ಬರ್ತಾರಂತೆ ಬೇರೆ. ನೀವು ಪೊಜೋನಿಯಲ್ಲಿ ಎದ್ದು ನಿಂತಾಗ, ನಿಮ್ಮ ಅರಮನೆ ಎದುರಿನ ಚರ್ಚಲ್ಲೇ ಆಶೀರ್ವಾದ ಆಯ್ತಲ್ಲ ಅಂತ ಅವರು ಕೂಗಿದರೆ ನನಗಂತೂ ಮುಖ ಎತ್ತೋಕಾಗಲ್ಲ.’

ಕೌಂಟಿಯೋರು ಬರೋ ಸುದ್ದಿ ನಾನು ಮೆಟ್ಟಿಲು ಹತ್ತುವಾಗ ಹುಟ್ಟಿದ್ದು, ಒಪ್ಕೋತೀನಿ. ಬಿಷಪ್ಪರು ಕಿಟಕಿ ಹತ್ತಿರ ಹೋಗಿ ಬಂದರು. ‘ಗಾಡಿ ಮಂಗಳವಾರ ಮಧ್ಯಾಹ್ನಕ್ಕೆ ಕಟ್ಟೋಕೆ ಹೇಳು. ನಾನೇ ಆಂಬ್ರುಶ್ ಪಕ್ಕದಲ್ಲಿ ನಿಲ್ತೀನಿ. ಅವರ ಕೈ ಹೇಗೆ ಏಳುತ್ತೋ ನೋಡೋಣ!’ ಅಂದರು. ನಾನು ತಲೆ ತಗ್ಗಿಸಿ ಹೊರಗೆ ಬಂದು, ಅಡಿಗೆಮನೆ ಸೇರಿ, ಏಪ್ರನ್ ಬಾಯಿಗೆ ತುರುಕಿಕೊಂಡು ನಕ್ಕೆ.

ಇಲ್ಲಿಗೆ ನಿಲ್ಲಿಸಿದ್ದರೆ ಹಾವೂ ಸಾಯ್ತಿರಲಿಲ್ಲ, ಕೋಲೂ ಮುರೀತಿರಲಿಲ್ಲ. ಆದರೆ ಬೀಗಿತ್ತಿ ಅಂತ ಜುಜಾನಾ ಒಬ್ಬಳಿಗೆ ಹೇಳಿದೆ. ‘ಯಾರಿಗೂ ಬಾಯಿ ಬಿಡಬೇಡ ತಾಯಿ’ ಅಂತ ಆಣೆ ಹಾಕಿಸ್ಕೊಂಡೇ ಹೇಳಿದೆ. ಅವಳು ಅಕ್ಕಪಕ್ಕದ ಇಬ್ಬರಿಗೆ ಆಣೆ ಹಾಕಿಸ್ಕೊಂಡು ಹೇಳಿದಳು. ನಾನು ಮರೆತಿದ್ದು ಒಂದೇ: ಆ ಮಂಗಳವಾರ ನಮ್ಮೂರಲ್ಲಿ ಪ್ರತಿ ಮನೆಯಲ್ಲೂ ಫಾಂಕ್ ಕರೀತಾರೆ. ಉಬ್ಬಿದ ಹಿಟ್ಟಿನ ಉಂಡೆ, ಕೊಬ್ಬಿನಲ್ಲಿ ಕರಿದರೆ ನಡುವಲ್ಲಿ ಬಿಳಿ ಪಟ್ಟಿ ಬರಬೇಕು. ಪಟ್ಟಿ ಬರದ ಫಾಂಕ್ ಮಾಡಿದ ಹೆಂಗಸನ್ನ ವರ್ಷವೆಲ್ಲ ಆಡಿಕೊಳ್ತಾರೆ. ಬಿಷಪ್ಪರು ಸೋಮವಾರವೇ ಹೊರಡ್ತಾರೆ ಅಂತ ಊರಿಗೆ ಊರೇ ಮುಖ ಸಣ್ಣ ಮಾಡ್ಕೊಂಡು ಕೂತಿತ್ತು. ಈಗ ನೋಡಿದ್ರೆ ಬಿಷಪ್ಪರು ಮಂಗಳವಾರ ಬೆಳಿಗ್ಗೆ ಚರ್ಚಿನಲ್ಲಿ, ಅಲ್ಲಾಡದೆ, ಅರ್ಧ ಗಂಟೆ!

ಮಂಗಳವಾರ ನಾವು ಚರ್ಚಿಗೆ ಹೋದಾಗ ಒಳಗೆ ಕಾಲಿಡೋಕೆ ಜಾಗ ಇಲ್ಲ. ದೀಪ ಇಲ್ಲದ, ಆರ್ಗನ್ ಇಲ್ಲದ ಮದುವೆಗೆ ಇನ್ನೂರು ಜನ. ಹೆಂಗಸರೆಲ್ಲ ದೊಡ್ಡ ಶಾಲು ಹೊದ್ದು, ಹೊಟ್ಟೆ ಮುಂದೆ ಮಾಡ್ಕೊಂಡು, ತುಂಬು ಬಸುರಿಯರ ಹಾಗೆ ಕೂತಿದ್ದಾರೆ. ಎಂಬತ್ತು ವರ್ಷದವರೂ ಬಸುರಿಯರೇ. ಕ್ಯಾಲ್ವಿನ್ ಪಂಥದ ಹೆಂಗಸರೂ ಬಂದಿದ್ದರು. ಹುಟ್ಟಿದಾಗಿನಿಂದ ಆ ಬಾಗಿಲು ದಾಟದವರು! ಎಲ್ಲರಿಗಿಂತ ದೊಡ್ಡ ಹೊಟ್ಟೆ ಜುಜಾನಾದು. ‘ಏನೇ ಇದು?’ ಅಂತ ಹಲ್ಲು ಕಚ್ಚಿ ಕೇಳಿದೆ. ‘ಮದುವೆ ಮನೆ ಅಲ್ಲವಾ, ನೆಂಟರಿಗೆ ಫಾಂಕ್ ಬೇಡವಾ?’ ಅಂದಳು, ಏನೂ ಗೊತ್ತಿಲ್ಲದವಳ ಹಾಗೆ.

ಬಿಷಪ್ಪರು ಬಂದರು. ಜನ ನೋಡಿ ಅವರಿಗೆ ಹೆಮ್ಮೆ, ಸುತ್ತೋಲೆಗೆ ಇಷ್ಟು ಬೆಂಬಲ ಇದೆಯಾ ಅಂತ. ಬಾಗಿಲ ಪಕ್ಕ ಮದುಮಕ್ಕಳು, ಅವರೆದುರು ಬೂದು ಕೋಟಿನ ಫಾದರ್ ಆಂಬ್ರುಶ್. ಪಿರೋಷ್ಕಾಳ ಮುಖ ನೋಡಿದ ತಕ್ಷಣ ಫಾದರ್ ತುಟಿ ನಡುಗಿತು, ಬಲಗೈ ಸೊಂಟದ ತನಕ ಬಂತು. ಬಿಷಪ್ಪರು ಗಪ್ ಅಂತ ಅದನ್ನ ಹಿಡಿದು ಕೆಳಗೆ ಒತ್ತಿದರು, ಬಿಡಲಿಲ್ಲ. ಮದುಮಕ್ಕಳು ಇನ್ನೂ ಕೈ ಹಿಡಿದಿರಲಿಲ್ಲ, ಇವರಿಬ್ಬರು ಹಿಡಿದು ನಿಂತರು.

ಶುರುವಿನಲ್ಲಿ ಎಲ್ಲ ಸರಿಯಿತ್ತು. ಫಾದರ್ ಬಾಯಿ ತೆರೆಯೋ ಹಾಗಿಲ್ಲವಾದ್ದರಿಂದ ಸಾಕ್ಷಿಗಳು ಹೆಸರು, ವಯಸ್ಸು, ಬೀದಿ ಎಲ್ಲ ಓದಬೇಕು. ಸಾಕ್ಷಿಯಾಗಿ ಬಂದ ಗೆರ್ಗೋನ ಚಿಕ್ಕಪ್ಪನಿಗೆ ಅಕ್ಷರ ಕೂಡಿಸೋದೇ ಕಷ್ಟ, ನಿಧಾನಕ್ಕೆ ಓದ್ತಿದ್ದ. ಅಷ್ಟರಲ್ಲಿ ಒಬ್ಬಳ ಶಾಲು ಮೇಲೆದ್ದಿತು. ಆಮೇಲೆ ಇನ್ನೊಬ್ಬಳದ್ದು. ಬಿಷಪ್ಪರು ಯಾವತ್ತೂ ಇಷ್ಟು ಹತ್ತಿರ, ಇಷ್ಟು ಹೊತ್ತು ಯಾರಿಗೂ ಸಿಕ್ಕಿದವರಲ್ಲ. ಹಿಟ್ಟು ಬಿಡುತ್ತಾ? ಮುದುಕಿಯರ ಗಲ್ಲದ ತನಕ ಬಂತು, ಬೆಂಚಿನ ಕೆಳಗಿಂದ ಹೊರಳಿ ಬಂತು. ಜುಜಾನಾ ಎರಡೂ ಕೈಯಲ್ಲಿ ಅದುಮಿ ಹಿಡಿದಳು, ಹಿಡಿದಷ್ಟೂ ಅದು ಪಕ್ಕಕ್ಕೆ ಇಣುಕಿತು. ಕೊನೆಗೆ ಶಾಲು ಜಾರಿ ಬಿದ್ದು, ಬಿಳೀ ಹಿಟ್ಟು ಬಿಷಪ್ಪರ ಬೂಟಿನ ಮೇಲೆ ಕೂತಿತು.

ಬಿಷಪ್ಪರು ಬೂಟು ನೋಡಿದರು. ಬೆಂಚುಗಳನ್ನ ನೋಡಿದರು. ಅವರು ದಡ್ಡರಲ್ಲ, ಏಳು ವರ್ಷದ ಸಂಜೆ ವಾಕಿಂಗು, ಕಿಟಕಿಯ ಬಿಳಿ ಬಟ್ಟೆ, ಎಲ್ಲ ಅವರ ಕಣ್ಣ ಮುಂದೆ ಒಂದೊಂದಾಗಿ ಹೋಗಿದ್ದು ನನಗೇ ಕಾಣಿಸಿತು. ಫಾದರ್ ಕೈ ಬಿಟ್ಟು ನನ್ನ ಕಡೆ ತಿರುಗಿದರು.

‘ಒರ್ಶೋಯಾ, ಇದು ನನ್ನಿಂದ ಆಗ್ತಿದೆಯಾ?’

ಸುಳ್ಳಿಗೆ ಅಡಿಗೆಮನೆ ಇದೆ, ಚರ್ಚಿನಲ್ಲಿ ನನಗೆ ಬಾಯಿ ಬರಲ್ಲ. ‘ಹೂಂ ಸ್ವಾಮಿ.’

‘ನಾನೇನೂ ಮಾಡಲಿಲ್ಲವಲ್ಲ?’

‘ನೀವು ಯಾವತ್ತೂ ಏನೂ ಮಾಡಿಲ್ಲ ಸ್ವಾಮಿ. ಬರೀ ಇರ್ತೀರಿ.’

ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬೆಳ್ಳಗಾಯಿತು. ‘ಅಂದ್ರೆ ನಾನಿಲ್ಲಿ ನಿಂತರೆ ಈ ಮದುವೆಗೂ…’ ಅಂದವರು ಮಾತು ಮುಗಿಸಲಿಲ್ಲ. ತಿರುಗಿ ಹೊಸಿಲು ದಾಟಿ ಹೊರಟೇಬಿಟ್ಟರು. ಒಂದು ಮೆಟ್ಟಿಲು ಇಳಿದರು, ಬೋಗುಣಿಯ ಹಿಟ್ಟೆಲ್ಲ ಉಸ್ಸೆಂದು ಒಂದು ಬೆರಳು ಕುಸಿಯಿತು. ಇನ್ನೊಂದು ಮೆಟ್ಟಿಲು, ಇನ್ನೊಂದು ಬೆರಳು. ಅಷ್ಟೂ ಹೆಂಗಸರು ‘ಅಯ್ಯೋ’ ಅಂದರು. ನಾನು ಹಿಟ್ಟು ನೋಡಲಿಲ್ಲ. ನನ್ನ ಮಗಳು ನಿಂತಿದ್ದಳು, ಇನ್ನೂ ‘ಹೂಂ’ ಅಂದಿರಲಿಲ್ಲ. ಅವಳ ಮುಖದ ಬಣ್ಣ ಇಳೀತಿತ್ತು. ಅಡಿಗೆಯವಳು ಅನ್ನೋದು ಮರೆತು ಓಡಿ ಹೋಗಿ ಅವರ ತೋಳು ಹಿಡಿದೆ.

‘ಸ್ವಾಮಿ, ಮೂರು ಮಕ್ಕಳನ್ನ ಹೂತಿದ್ದೀನಿ. ಇದೊಂದು ಉಳಿದಿದೆ. ಕೈ ಎತ್ತಬೇಡಿ, ಬಾಯಿ ತೆರೆಯಬೇಡಿ. ನೀವು ಸಹಿ ಹಾಕಿರೋದು ಆಶೀರ್ವಾದ ಮಾಡಲ್ಲ ಅಂತ. ಹತ್ತಿರ ನಿಲ್ಲಲ್ಲ ಅಂತ ಎಲ್ಲಾದರೂ ಸಹಿ ಹಾಕಿದ್ದೀರಾ?’

ಅವರು ಮೆಟ್ಟಿಲ ಮೇಲೇ ನಿಂತರು. ಸುತ್ತೋಲೆಯನ್ನ ಮನಸ್ಸಲ್ಲೇ ಮೊದಲಿಂದ ಓದ್ತಿದ್ದರು ಅಂತ ಕಾಣುತ್ತೆ, ತುಟಿ ಲ್ಯಾಟಿನ್‌ನಲ್ಲಿ ಅಲ್ಲಾಡ್ತಿತ್ತು. ‘ಇಲ್ಲ’ ಅಂದರು ಕೊನೆಗೆ. ‘ಯಾರಾದರೂ ನಿಲ್ಲಲೇಬೇಕು ಅಂತ ಇದೆ.’

ಒಳಗೆ ಬಂದರು. ಮೊದಲು ನಿಂತಿದ್ದ ಜಾಗಕ್ಕಿಂತ ಎರಡು ಹೆಜ್ಜೆ ಮುಂದೆ, ಪಿರೋಷ್ಕಾಳ ಪಕ್ಕಕ್ಕೇ ಬಂದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ತುಟಿ ಬಿಗಿದು ನಿಂತರು. ಪಿರೋಷ್ಕಾ ಗೆರ್ಗೋನ ಕೈ ಹಿಡಿದು ‘ಹೂಂ’ ಅಂದಳು. ಗೆರ್ಗೋ ಎರಡು ಸಲ ಅಂದ. ಫಾದರ್ ಆಂಬ್ರುಶ್ ಹೋ ಅಂತ ಅತ್ತರು. ಬೋಗುಣಿಗಳ ಕಡೆ ನೋಡೋ ಧೈರ್ಯ ನನಗಿರಲಿಲ್ಲ, ಆದರೆ ಹಿಂದಿನ ಬೆಂಚಿನಿಂದ ಯಾರೋ ‘ಸಾಕು, ಸಾಕು, ಇನ್ನು ಹಿಡಿಯೋಲ್ಲ’ ಅಂದದ್ದು ಕೇಳಿಸಿತು.

ಫಾದರ್ ಪುಸ್ತಕ ಬಿಚ್ಚಿ ಲೇಖನಿ ಹಿಡಿದು, ಏನು ಬರೀಲಿ ಅನ್ನೋ ಹಾಗೆ ಮೇಲೆ ನೋಡಿದರು. ‘ಆಶೀರ್ವಾದ ಕೊಟ್ಟಿಲ್ಲ ಅಂತ ಬರೀರಿ’ ಅಂದರು ಬಿಷಪ್ಪರು ಗಟ್ಟಿಯಾಗಿ. ‘ಕೊಡದ ಹಾಗೆ ಬಿಷಪ್ಪರು ಖುದ್ದಾಗಿ ನಿಂತು ನೋಡಿಕೊಂಡರು ಅಂತಲೂ ಬರೀರಿ. ಪೊಜೋನಿಯಲ್ಲಿ ತೋರಿಸಬೇಕು.’ ಅವರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಅಬ್ಬಾ, ಏಳು ವರ್ಷ ನಾನು ಇವರಿಗೆ ಸುಮ್ಮನೆ ಅಡಿಗೆ ಮಾಡಿ ಹಾಕಿದೆನಾ, ಇವರನ್ನ ಸರಿಯಾಗಿ ನೋಡಿಯೇ ಇರಲಿಲ್ಲ ಅನ್ನಿಸಿತು.

ಆಮೇಲೆ ಯಾರು ನಿಲ್ತಾರೆ? ಹೆಂಗಸರೆಲ್ಲ ಬೋಗುಣಿ ತಬ್ಬಿಕೊಂಡು ಕೊಬ್ಬಿನ ಬಾಂಡಲೆ ಕಡೆ ಓಡಿದರು. ಜುಜಾನಾ ಎಲ್ಲರಿಗಿಂತ ಮುಂದೆ. ಫಾದರ್ ಮೂಗೊರೆಸಿಕೊಂಡು ಹೋದರು. ಹೊರಗೆ ಬಿಷಪ್ಪರ ಗಾಡಿ ಕಟ್ಟಿ ನಿಲ್ಲಿಸಿದ್ದರು, ಕುದುರೆ ಕಾಲು ಕೆರೀತಿತ್ತು. ಚರ್ಚಿನಲ್ಲಿ ಉಳಿದವರು ನಾವಿಬ್ಬರೇ. ನಾನು ಬಾಗಿಲಲ್ಲಿ ನಿಂತು ಪಿರೋಷ್ಕಾ ಗಂಡನ ಜೊತೆ ಕೆಳಬೀದಿ ಕಡೆ ನಡೆಯೋದನ್ನ ನೋಡ್ತಿದ್ದೆ, ಬಿಷಪ್ಪರು ಇನ್ನೂ ಅದೇ ಜಾಗದಲ್ಲಿ, ಕೈ ಬೆನ್ನ ಹಿಂದೆ.

‘ಒರ್ಶೋಯಾ, ಎಲ್ಲರೂ ಹೋದರಲ್ಲ. ನಾನಿನ್ನು ಹೊರಡಬಹುದಾ?’

‘ಇನ್ನೊಂದು ಐದು ನಿಮಿಷ ನಿಲ್ಲಿ ಸ್ವಾಮಿ’ ಅಂದೆ. ‘ಅವಳಿನ್ನೂ ಬೀದಿ ತುದಿ ದಾಟಿಲ್ಲ.’

ನಿಂತರು.